ಸಿಸ್ಟಮ್ ತಗೊಳ್ತಿಲ್ಲ ಸಾರ್

ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಪೆನುಕೊಂಡದ ಬೆಟ್ಟ ಕಣ್ಣಿಗೆ ಬೀಳುವ ಹೊತ್ತಿಗೆ ರಸ್ತೆ ಬದಿಯ ಬೋರ್ಡುಗಳಲ್ಲಿ ಹೊಸದೊಂದು ಲಿಪಿ ಸೇರಿಕೊಳ್ಳುತ್ತದೆ. ತೆಲುಗು, ಇಂಗ್ಲಿಷ್ ಪಕ್ಕದಲ್ಲಿ ಕೊರಿಯನ್. ಊಟದ ಹೋಟೆಲು, ಲಾಡ್ಜು, ಅಂಗಡಿ ಎಲ್ಲಕ್ಕೂ ಅದೇ. 2017ರ ಏಪ್ರಿಲ್‌ನಲ್ಲಿ ಕೊರಿಯಾದ ಕಾರು ಕಂಪನಿ ಕಿಯಾ ಆಂಧ್ರ ಸರ್ಕಾರದ ಜೊತೆ ಒಪ್ಪಂದಕ್ಕೆ ಸಹಿ ಹಾಕಿ, ಪೆನುಕೊಂಡ ಮಂಡಲದ ಎರ್ರಮಂಚಿ ಬಳಿ ಸುಮಾರು 536 ಎಕರೆಯಲ್ಲಿ 110 ಕೋಟಿ ಡಾಲರ್ ಸುರಿದು ಕಾರ್ಖಾನೆ ಎಬ್ಬಿಸಿತು. 2019ರ ಆಗಸ್ಟ್‌ನಲ್ಲಿ ಮೊದಲ ಸೆಲ್ಟೋಸ್ ಹೊರಬಂತು. ವರ್ಷಕ್ಕೆ 3 ಲಕ್ಷ ಕಾರು ಮಾಡುವ ಶಕ್ತಿಯ ಈ ಕಾರ್ಖಾನೆ 2023ರ ಜುಲೈ ಹೊತ್ತಿಗೆ 10 ಲಕ್ಷದ ಗಡಿ ದಾಟಿತ್ತು.

ಕಾರ್ಖಾನೆಯ ಬೆನ್ನಿಗೇ ಬಂದವರು ಕೊರಿಯಾದ ಎಂಜಿನಿಯರುಗಳು, ಮ್ಯಾನೇಜರುಗಳು, ಬಿಡಿಭಾಗ ಒದಗಿಸುವ ಕಂಪನಿಗಳ ತಂತ್ರಜ್ಞರು. ಪೆನುಕೊಂಡಕ್ಕೆ ಪರದೇಶದವರು ಹೊಸಬರೇನಲ್ಲ. ಪರ್ಷಿಯಾ ಕಡೆಯಿಂದ ಬಂದ ಬಾಬಾ ಫಕ್ರುದ್ದೀನರ ದರ್ಗಾ ಇಲ್ಲಿದೆ. 1565ರ ಯುದ್ಧದಲ್ಲಿ ಹಂಪಿ ಕೈತಪ್ಪಿದ ಮೇಲೆ ವಿಜಯನಗರದ ರಾಜಧಾನಿಯೇ ಇಲ್ಲಿಗೆ ಬಂತು. ಕೊರಿಯಾದವರಿಗೆ ಇಲ್ಲಿನ ಬಿಸಿಲಿಗೆ ಎಸಿ ಇದೆ. ಮೆಣಸಿನಕಾಯಿ ಅವರ ಮನೆಯ ಊಟದಲ್ಲೂ ಇದೆ. ಉತ್ತರ ಹೊಳೆಯದ ಪ್ರಶ್ನೆ ಎದುರಾಗುವುದು ಫೋನಿನ ಪರದೆಯ ಮೇಲೆ: ಆಧಾರ್ ಸಂಖ್ಯೆ ನಮೂದಿಸಿ.

ಫಾರ್ಮ್ ಹೀಗಿರುತ್ತದೆ. ಹೆಸರು, ಮೊಬೈಲು, ಇಮೇಲು ಮುಗಿದ ಮೇಲೆ ಒಂದು ಉದ್ದನೆಯ ಚೌಕ. ಅದರ ಪಕ್ಕ ಸಾಸಿವೆ ಗಾತ್ರದ ಕೆಂಪು ನಕ್ಷತ್ರ. ತುಂಬದೆ ಮುಂದೆ ಹೋಗುವಂತಿಲ್ಲ ಎಂದು ಅದರ ಅರ್ಥ. ಕೆಳಗಿನ ‘ಮುಂದುವರಿಸಿ’ ಗುಂಡಿ ಬೂದು ಬಣ್ಣದಲ್ಲಿ ಸುಮ್ಮನೆ ಕುಳಿತಿರುತ್ತದೆ. ಕೊರಿಯಾದ ಪಾಸ್‌ಪೋರ್ಟ್ ಸಂಖ್ಯೆ ಸಾಮಾನ್ಯವಾಗಿ ಎಂ ಅಕ್ಷರದಿಂದ ಶುರುವಾಗುತ್ತದೆ. ಆ ಎಂ ಒತ್ತಿದರೆ ಚೌಕದಲ್ಲಿ ಏನೂ ಮೂಡುವುದಿಲ್ಲ, ಯಾಕೆಂದರೆ ಅದು ಅಂಕಿಗಳನ್ನು ಮಾತ್ರ ಒಳಗೆ ಬಿಡುತ್ತದೆ. ಬಾಯಿಗೆ ಬಂದ ಹನ್ನೆರಡು ಅಂಕಿ ಹಾಕಿದರೂ ಕೆಲಸ ಆಗದು. ಆಧಾರ್ ಸಂಖ್ಯೆ ಸೊನ್ನೆಯಿಂದಲೂ ಒಂದರಿಂದಲೂ ಶುರುವಾಗುವುದಿಲ್ಲ. ಕೊನೆಯ ಅಂಕಿ ಮೊದಲ ಹನ್ನೊಂದು ಅಂಕಿಗಳ ಲೆಕ್ಕದಿಂದ ಹುಟ್ಟಿದ್ದು. ಡಚ್ ಗಣಿತಜ್ಞ ವೆರ್ಹೋಫ್ 1969ರಲ್ಲಿ ಪ್ರಕಟಿಸಿದ ಆ ಸೂತ್ರ ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಹಿಡಿದುಬಿಡುತ್ತದೆ. ಅಲ್ಲಿಗೆ ಕೆಂಪಕ್ಷರದಲ್ಲಿ ‘ಸರಿಯಾದ ಆಧಾರ್ ಸಂಖ್ಯೆ ನೀಡಿ’ ಎಂಬ ಸಾಲು.

ಫೋನಿನಲ್ಲಿ ಆಗದ್ದು ನೆಟ್ ಸೆಂಟರಿನಲ್ಲಿ ಆದೀತೆಂದು ಹಿಂದೂಪುರಕ್ಕೋ ಪೆನುಕೊಂಡ ಪೇಟೆಗೋ ಹೋದರೆ ಕೌಂಟರಿನ ಹುಡುಗ ಪಾಸ್‌ಪೋರ್ಟನ್ನು ತಿರುಗಿಸಿ ನೋಡಿ, ಎರಡು ಸಲ ಒತ್ತಿ, ಮೂರನೆಯ ಸಲ ಕೈಚೆಲ್ಲುತ್ತಾನೆ. ತೆಲುಗಿನಲ್ಲಿ ಹೇಳಲಿ, ಮಡಕಶಿರಾ, ಅಮರಾಪುರ ಕಡೆಯವನಾದರೆ ಮನೆಮಾತಿನ ಕನ್ನಡದಲ್ಲೇ ಹೇಳಲಿ, ವಾಕ್ಯ ಒಂದೇ: ಸಿಸ್ಟಮ್ ತಗೊಳ್ತಿಲ್ಲ ಸಾರ್. ಅವನ ಮೇಲೆ ಸಿಟ್ಟಾಗುವಂತಿಲ್ಲ. ಅವನು ಬೇಡ ಎನ್ನುತ್ತಿಲ್ಲವಲ್ಲ.

ಹಾಗಾದರೆ ಬೇಡ ಎನ್ನುತ್ತಿರುವವರು ಯಾರು? ಕಾನೂನೇ ಇರಬೇಕು ಎಂದುಕೊಳ್ಳುವವರು ಹೆಚ್ಚು. ಪುಸ್ತಕ ತೆರೆದು ನೋಡಿದರೆ ಬೇರೆಯೇ ಕಥೆ.

2016ರ ಆಧಾರ್ ಕಾಯ್ದೆ ಆಧಾರನ್ನು ಕೊಡುವುದು ಪ್ರಜೆಗಳಿಗೆಂದಲ್ಲ, ನಿವಾಸಿಗಳಿಗೆ. ಅರ್ಜಿ ಹಾಕುವ ದಿನಕ್ಕೆ ಹಿಂದಿನ 12 ತಿಂಗಳಲ್ಲಿ ಒಟ್ಟು 182 ದಿನ ಭಾರತದಲ್ಲಿ ಇದ್ದವರು ನಿವಾಸಿ. ಕೊರಿಯಾದವರಾದರೂ ಸರಿ, ಕೀನ್ಯಾದವರಾದರೂ ಸರಿ. ಆಧಾರ್ ಪೌರತ್ವದ ಪುರಾವೆ ಅಲ್ಲ ಎಂದು ಅದೇ ಕಾಯ್ದೆಯ 9ನೇ ಕಲಂ ಬಾಯಿಬಿಟ್ಟು ಹೇಳುತ್ತದೆ. 2024ರ ಜನವರಿಯಲ್ಲಿ ನಿಯಮ ತಿದ್ದಿದಾಗ ಇಲ್ಲಿ ನೆಲೆಸಿದ ವಿದೇಶಿಯರಿಗೆಂದೇ ಪ್ರತ್ಯೇಕ ಅರ್ಜಿ ನಮೂನೆಗಳು ಬಂದವು, ದೊಡ್ಡವರಿಗೊಂದು, ಮಕ್ಕಳಿಗೊಂದು. ಹಾಗೆ ಸಿಕ್ಕ ಆಧಾರ್ ವೀಸಾ ಮುಗಿಯುವ ದಿನಕ್ಕೆ ತಾನೂ ಮುಗಿಯುತ್ತದೆ.

ಇಷ್ಟೆಲ್ಲ ಇದ್ದೂ ತೊಡಕು ಉಳಿಯುವುದು ಆ 182 ದಿನಗಳಲ್ಲಿ. ಹೊಸ ಊರಿಗೆ ಬಂದವನಿಗೆ ಮನೆ, ಸಿಮ್, ಬ್ಯಾಂಕ್ ಖಾತೆ, ಗ್ಯಾಸ್, ಮಗುವಿನ ಶಾಲೆ ಎಲ್ಲ ಬೇಕಾಗುವುದು ಮೊದಲ ಎರಡು ತಿಂಗಳಲ್ಲಿ. ಆಧಾರ್ ಕೇಳಲು ಅರ್ಹತೆ ಬರುವುದು ಆರು ತಿಂಗಳ ಮೇಲೆ. ಹೆಂಡತಿ ಮಕ್ಕಳನ್ನು ಕರೆತಂದು ಸಂಸಾರ ಹೂಡುವ ಹೊತ್ತಿನಲ್ಲಿ ಕೈಯಲ್ಲಿ ಇರುವುದು ಪಾಸ್‌ಪೋರ್ಟ್ ಒಂದೇ. ಆಧಾರ್ ಸಿಗುವ ಹೊತ್ತಿಗೆ ಎಲ್ಲವೂ ಹೇಗೋ ಆಗಿಹೋಗಿರುತ್ತದೆ. ಆಗ ವೀಸಾ ನವೀಕರಣದ ದಿನ ಹತ್ತಿರವಾಗಿರುತ್ತದೆ.

ಪಾಸ್‌ಪೋರ್ಟಿಗೆ ಬೆಲೆ ಇಲ್ಲವೇ? ಬೇಕಾದಷ್ಟಿದೆ. ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮದಲ್ಲಿ ಅಧಿಕೃತ ದಾಖಲೆಗಳ ಪಟ್ಟಿಯಲ್ಲಿ ಪಾಸ್‌ಪೋರ್ಟ್ ಇದೆ. ವಿದೇಶಿಯರ ಪಾಸ್‌ಪೋರ್ಟಿನಲ್ಲಿ ವಿಳಾಸ ಇಲ್ಲದಿದ್ದರೆ ಅವರ ದೇಶದ ಸರ್ಕಾರಿ ಕಾಗದವನ್ನೋ ಇಲ್ಲಿರುವ ರಾಯಭಾರ ಕಚೇರಿಯ ಪತ್ರವನ್ನೋ ಒಪ್ಪಬಹುದು ಎಂದೂ ಅಲ್ಲೇ ಬರೆದಿದೆ. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟು ಪುಟ್ಟಸ್ವಾಮಿ ಪ್ರಕರಣದಲ್ಲಿ, ಬ್ಯಾಂಕ್ ಖಾತೆಗೂ ಸಿಮ್ ಕಾರ್ಡಿಗೂ ಆಧಾರ್ ಜೋಡಿಸಲೇಬೇಕೆಂಬ ಕಡ್ಡಾಯವನ್ನು ಹೊಡೆದುಹಾಕಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರಿನ ಮೊದಲ ಮುಖ್ಯಸ್ಥ ನಂದನ್ ನಿಲೇಕಣಿ ಬೆಂಗಳೂರಿನವರು. ಯೋಜನೆ ಕಟ್ಟಿದವರೂ ಅದಕ್ಕೆ ಕಡಿವಾಣ ಕೇಳಿದವರೂ ಕನ್ನಡ ನಾಡಿನವರೇ ಆದದ್ದು ಇಲ್ಲಿನ ಓದುಗರಿಗೆ ನೆನಪಿರಲಿ.

ಅಂದಮೇಲೆ ನಿಯಮ ಬಿಡುತ್ತದೆ, ಚೌಕ ಬಿಡುವುದಿಲ್ಲ. ಆ ಚೌಕ ಬರೆದವನ ಕಣ್ಣ ಮುಂದೆ ಇದ್ದದ್ದು ಒಂದೇ ಬಗೆಯ ಮನುಷ್ಯ. ಹನ್ನೆರಡು ಅಂಕಿ, ಅದಕ್ಕೆ ಜೋಡಿಸಿದ ಮೊಬೈಲು, ಆ ಮೊಬೈಲಿಗೆ ಬರುವ ಓಟಿಪಿ. ದೇಶದಲ್ಲಿ 130 ಕೋಟಿಗೂ ಹೆಚ್ಚು ಆಧಾರ್ ಹಂಚಿದ ಮೇಲೆ ಉಳಿದವರನ್ನು ನೆನೆಯುವ ಅಗತ್ಯ ಅವನಿಗೆ ಕಾಣಲಿಲ್ಲ. ಯಾರೂ ಕೂತು ತೀರ್ಮಾನಿಸಿ ವಿದೇಶಿಯರನ್ನು ಹೊರಗಿಟ್ಟದ್ದಲ್ಲ ಇದು. ಯಾರಿಗೂ ಅವರ ನೆನಪೇ ಬರಲಿಲ್ಲ.

ಹಾಗೆಂದು ಸರ್ಕಾರಕ್ಕೆ ಈ ಜನರ ಗುರುತಿಲ್ಲ ಎನ್ನುವ ಹಾಗೂ ಇಲ್ಲ. ಊರಿನ ಮನುಷ್ಯನಿಗಿಂತ ಹೆಚ್ಚಾಗಿಯೇ ಗುರುತಿದೆ. ಉದ್ಯೋಗ ವೀಸಾ ಬೇಕಾದರೆ ಸಂಬಳ ವರ್ಷಕ್ಕೆ 16.25 ಲಕ್ಷ ರೂಪಾಯಿಗೆ ಕಮ್ಮಿ ಇರಬಾರದೆಂಬುದು ಸಾಮಾನ್ಯ ನಿಯಮ. ದೇವನಹಳ್ಳಿಯಲ್ಲಿ ವಿಮಾನ ಇಳಿದ ತಕ್ಷಣ ಬೆರಳಚ್ಚು, ಫೋಟೊ. 180 ದಿನಕ್ಕಿಂತ ಹೆಚ್ಚಿನ ವೀಸಾ ಇದ್ದವರು 14 ದಿನದೊಳಗೆ ವಿದೇಶಿಯರ ನೋಂದಣಿ ಮಾಡಿಸಬೇಕು. 2018ರ ಏಪ್ರಿಲ್‌ನಿಂದ ಇದಕ್ಕೆ ಇ-ಎಫ್‌ಆರ್‌ಆರ್‌ಒ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ಲಾಡ್ಜಿನವರು, ಮನೆ ಮಾಲೀಕರು ತಮ್ಮಲ್ಲಿ ವಿದೇಶಿಯರು ಉಳಿದರೆ 24 ಗಂಟೆಯೊಳಗೆ ತಿಳಿಸಬೇಕು. ಫಾರ್ಮ್ ಸಿ ಎಂದೇ ಅದು ಹೆಸರುವಾಸಿ. 1920, 1939, 1946 ಮತ್ತು 2000ದ ನಾಲ್ಕು ಕಾಯ್ದೆಗಳನ್ನು ಒಟ್ಟುಮಾಡಿದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಇಷ್ಟೆಲ್ಲ ದಾಖಲೆ ಒಂದು ಇಲಾಖೆಯ ಕಂಪ್ಯೂಟರಿನಲ್ಲಿ ಭದ್ರವಾಗಿರುವಾಗ ಇನ್ನೊಂದು ಇಲಾಖೆಯ ಕಂಪ್ಯೂಟರು ಅದೇ ಮನುಷ್ಯನನ್ನು ಯಾರು ನೀನು ಎಂದು ಕೇಳುತ್ತದೆ. ಎಫ್‌ಆರ್‌ಆರ್‌ಒ ಎಂಬ ವಿದೇಶಿಯರ ನೋಂದಣಿ ಕಚೇರಿ ಕೊಡುವ ಸಂಖ್ಯೆ ಹಾಕಲು ಆ ಕೆಂಪು ನಕ್ಷತ್ರದ ಪಕ್ಕ ಜಾಗವಿಲ್ಲ.

ಮೋಜೆಂದರೆ, ಸುಮ್ಮನೆ ಪ್ರವಾಸಕ್ಕೆ ಬರುವ ಕೊರಿಯಾದವರಿಗೆ ಭಾರತ ಬಾಗಿಲನ್ನು ವಿಶೇಷವಾಗಿ ಅಗಲ ಮಾಡಿದೆ. ವಿಮಾನ ನಿಲ್ದಾಣದಲ್ಲೇ ವೀಸಾ ಪಡೆಯುವ ಸೌಲಭ್ಯ ಬೆರಳೆಣಿಕೆಯ ದೇಶಗಳಿಗೆ ಮಾತ್ರ. 2018ರಲ್ಲಿ ದಕ್ಷಿಣ ಕೊರಿಯಾ ಅದಕ್ಕೆ ಸೇರಿತು. 2023ರ ಫೆಬ್ರುವರಿಯಲ್ಲಿ ಜಿ20 ದೇಶಗಳ ಪ್ರವಾಸಿಗರಿಗೆಂದು ಬೆಂಗಳೂರು, ಮುಂಬಯಿ, ದಿಲ್ಲಿ ನಿಲ್ದಾಣಗಳಲ್ಲಿ ಯುಪಿಐ ವಾಲೆಟ್ ಶುರುವಾಯಿತು. ಪಾಸ್‌ಪೋರ್ಟ್ ವೀಸಾ ತೋರಿಸಿದರೆ ಸಾಕು, ಭಾರತದ ಬ್ಯಾಂಕ್ ಖಾತೆ ಇಲ್ಲದೆಯೂ ಎಳನೀರಿನ ಗಾಡಿಯ ಕ್ಯೂಆರ್ ಕೋಡಿಗೆ ದುಡ್ಡು ಹೊಡೆಯಬಹುದು. ವಾರಕ್ಕೆ ಬಂದು ಹೋಗುವವನಿಗೆ ಒಂದು ದಾರಿ ಯೋಚಿಸಿದ್ದಾರೆ. ಹುಟ್ಟಿನಿಂದ ಇಲ್ಲಿದ್ದವನಿಗೆ ಆಧಾರ್ ಇದೆ. ನಡುವೆ, ಬಂದು ಬದುಕು ಕಟ್ಟಿಕೊಳ್ಳುವವನು ಯಾವ ಪಟ್ಟಿಗೂ ಸರಿಯಾಗಿ ಕೂರುವುದಿಲ್ಲ.

ತೆರಿಗೆಯ ವಿಷಯದಲ್ಲಿ ಇದು ಇನ್ನೂ ಚೆನ್ನಾಗಿ ಕಂಡಿತು. ವಿದೇಶಿಯರು ಪ್ಯಾನ್ ಪಡೆಯಲು 49ಎಎ ಎಂಬ ಬೇರೆ ಅರ್ಜಿಯೇ ಇತ್ತು. ಪ್ಯಾನಿಗೆ ಆಧಾರ್ ಜೋಡಿಸುವ ಕಡ್ಡಾಯದಿಂದ ಭಾರತದ ಪ್ರಜೆಗಳಲ್ಲದವರಿಗೂ ಅನಿವಾಸಿಗಳಿಗೂ 2017ರ ಮೇ ತಿಂಗಳಲ್ಲೇ ವಿನಾಯಿತಿ ಕೊಟ್ಟಿದ್ದರು. ಆದರೆ 2023ರ ಜುಲೈ 1ರಂದು, ಜೋಡಿಸದ ಪ್ಯಾನ್‌ಗಳೆಲ್ಲ ನಿಷ್ಕ್ರಿಯವಾದಾಗ, ವಿನಾಯಿತಿ ಇದ್ದವರ ಪ್ಯಾನ್‌ಗಳೂ ಅದರಲ್ಲಿ ಹೋದವು. ಕಾರಣ ಬಹಳ ಸಣ್ಣದು: ಅವರ ಖಾತೆಯಲ್ಲಿ ‘ನಿವಾಸಿ’ ಎಂದು ದಾಖಲಾಗಿತ್ತು, ಯಂತ್ರ ಅದನ್ನು ನಂಬಿತು. ಪ್ಯಾನ್ ನಿಷ್ಕ್ರಿಯವಾದರೆ ಮೂಲದಲ್ಲೇ ಹೆಚ್ಚು ತೆರಿಗೆ ಕಡಿತ, ಮರುಪಾವತಿಗೆ ತಡೆ. ಅಮೆರಿಕ, ಸಿಂಗಪುರದಲ್ಲಿ ಕೂತ ಎಷ್ಟೋ ಕನ್ನಡದ ಕುಟುಂಬಗಳಿಗೂ ಬಿಸಿ ತಟ್ಟಿತು. ಅದೇ ಜುಲೈನಲ್ಲಿ ತೆರಿಗೆ ಇಲಾಖೆ ವಿವರಣೆ ಕೊಟ್ಟು, ಇಂಥವರು ತಮ್ಮ ವ್ಯಾಪ್ತಿಯ ಅಧಿಕಾರಿಗೆ ದಾಖಲೆ ಸಮೇತ ತಿಳಿಸಿ ಸರಿಪಡಿಸಿಕೊಳ್ಳಿ ಎಂದಿತು. ವಿನಾಯಿತಿ ಕೊಟ್ಟದ್ದು ಸರ್ಕಾರ, ಅದನ್ನು ಸಾಬೀತು ಮಾಡುವ ಓಡಾಟ ಮಾತ್ರ ಪಡೆದವರದು.

ಪೆನುಕೊಂಡದಿಂದ ಗಂಟೆಯೊಳಗೆ ತಲುಪಬಹುದಾದ ಪುಟ್ಟಪರ್ತಿಗೆ ಈ ಪಾಡು ಹಳೆಯದು. 2022ರ ಏಪ್ರಿಲ್ 4ರಂದು ಅನಂತಪುರದಿಂದ ಬೇರೆಯಾದ ಶ್ರೀ ಸತ್ಯಸಾಯಿ ಜಿಲ್ಲೆಯ ಕೇಂದ್ರ ಅದು. ಪೆನುಕೊಂಡ, ಹಿಂದೂಪುರ, ಮಡಕಶಿರಾ ಎಲ್ಲ ಈ ಜಿಲ್ಲೆಯಲ್ಲೇ ಬರುತ್ತವೆ. ಸತ್ಯಸಾಯಿ ಬಾಬಾ ಅವರ ಪ್ರಶಾಂತಿ ನಿಲಯಕ್ಕೆ ಇಟಲಿ, ರಷ್ಯಾ, ಅರ್ಜೆಂಟೀನಾ, ಜಪಾನ್ ಎಂದು ದಶಕಗಳಿಂದ ಭಕ್ತರು ಬರುತ್ತಿದ್ದಾರೆ. 2011ರ ಏಪ್ರಿಲ್ 24ರಂದು ಬಾಬಾ ತೀರಿಕೊಂಡ ಮೇಲೂ ಊರಲ್ಲೇ ಉಳಿದ ವಯಸ್ಸಾದ ವಿದೇಶಿಯರಿದ್ದಾರೆ. ಕೆಂಪು ನಕ್ಷತ್ರ ಎಂಥ ಸಂಕಟ ತರಬಲ್ಲದು ಎಂಬುದು ಇಂಥವರಿಗೆ 2021ರಲ್ಲಿ ಗೊತ್ತಾಯಿತು.

ಆ ವರ್ಷ ಕೋವಿಡ್ ಲಸಿಕೆಗೆ ಬಾಗಿಲು ಕೋವಿನ್ ಜಾಲತಾಣ. ಮೇ 1ರಿಂದ 18 ತುಂಬಿದವರಿಗೆಲ್ಲ ಲಸಿಕೆ ಎಂದಾಗ 45ಕ್ಕಿಂತ ಕೆಳಗಿನವರು ಮೊದಲು ಆನ್‌ಲೈನ್ ನೋಂದಣಿ ಮಾಡಿಸಿಕೊಳ್ಳಲೇಬೇಕಿತ್ತು. ಒಪ್ಪುವ ಗುರುತಿನ ಚೀಟಿಗಳ ಪಟ್ಟಿ ಚಿಕ್ಕದೇನಲ್ಲ: ಆಧಾರ್, ಪ್ಯಾನ್, ಮತದಾರರ ಚೀಟಿ, ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಪಿಂಚಣಿ ಪುಸ್ತಕ. ಗುರುತಿನ ಚೀಟಿಯೇ ಇಲ್ಲದ ಅಲೆಮಾರಿಗಳು, ಸಾಧುಗಳು, ಕೈದಿಗಳಿಗಾಗಿ ಮೇ 6ರಂದು ಪ್ರತ್ಯೇಕ ಕಾರ್ಯವಿಧಾನವನ್ನೂ ಹೊರಡಿಸಿದರು. ಅದರ ಫಲ ಸಣ್ಣದಲ್ಲ. ಸುಮಾರು 87 ಲಕ್ಷ ಜನಕ್ಕೆ ಯಾವ ಚೀಟಿಯೂ ಇಲ್ಲದೆ ಲಸಿಕೆ ಹಾಕಿದ್ದೇವೆ ಎಂದು ಆರೋಗ್ಯ ಸಚಿವಾಲಯ ಸುಪ್ರೀಂ ಕೋರ್ಟಿಗೆ ಹೇಳಿತು. ಕೋವಿನ್ ಕೇಂದ್ರಗಳಲ್ಲಿ ಆಧಾರ್ ಒಂದನ್ನೇ ಒತ್ತಾಯಿಸುತ್ತಾರೆಂಬ ದೂರಿನ ಆ ಮೊಕದ್ದಮೆ 2022ರ ಫೆಬ್ರುವರಿ 7ರಂದು ಮುಗಿಯಿತು.

ಪಟ್ಟಿಯಲ್ಲಿ ಪಾಸ್‌ಪೋರ್ಟ್ ಇತ್ತಾದರೂ ವಿದೇಶಿಯರ ಮಾತು ಬಂದದ್ದು ಯಾವಾಗ? 2021ರ ಆಗಸ್ಟ್ 9ರಂದು. ಅಂದು ಆರೋಗ್ಯ ಸಚಿವಾಲಯ, ಭಾರತದಲ್ಲಿ ನೆಲೆಸಿರುವ ವಿದೇಶಿಯರು ತಮ್ಮ ಪಾಸ್‌ಪೋರ್ಟ್ ತೋರಿಸಿ ಕೋವಿನ್‌ನಲ್ಲಿ ಹೆಸರು ಬರೆಸಬಹುದು ಎಂದು ಪ್ರಕಟಿಸಿತು. ಎರಡನೆಯ ಅಲೆ ಏಪ್ರಿಲ್, ಮೇ ತಿಂಗಳಲ್ಲೇ ಬಡಿದು ಹೋಗಿತ್ತು. ಕೈದಿಗೆ ಮೇ ತಿಂಗಳಲ್ಲಿ ತೆರೆದ ದಾರಿ ಕಾನೂನುಬದ್ಧ ವೀಸಾ ಇಟ್ಟುಕೊಂಡು ಬಾಡಿಗೆ ಕಟ್ಟುತ್ತಿದ್ದ ಇಟಲಿಯ ಅಜ್ಜಿಗೆ ತೆರೆದದ್ದು ಆಗಸ್ಟ್‌ನಲ್ಲಿ. ಕೈದಿಗೆ ಮೊದಲು ಕೊಟ್ಟದ್ದು ತಪ್ಪೆಂದು ಯಾರೂ ಅನ್ನಲಾರರು. ಆದರೆ ಆಗಸ್ಟ್‌ನಲ್ಲಿ ಆದದ್ದೇನು? ಇದಕ್ಕೆಂದು ಸಂಸತ್ತು ಹೊಸ ಕಾಯ್ದೆ ಮಾಡಲಿಲ್ಲ, ಯಾವ ಕಾನೂನನ್ನೂ ತಿದ್ದಲಿಲ್ಲ. ಪಾಸ್‌ಪೋರ್ಟನ್ನು ಒಪ್ಪಿ ಎಂದು ಸಚಿವಾಲಯ ಹೇಳಿತು, ಅಷ್ಟೆ.

ಇಲ್ಲಿಗೆ ಬಂದ ಕೊರಿಯಾದವರು ಆಧಾರ್ ನೋಡಿ ತಲೆ ಚಚ್ಚಿಕೊಳ್ಳುವುದರಲ್ಲಿ ಒಂದು ಸಣ್ಣ ವ್ಯಂಗ್ಯವೂ ಇದೆ. ರಾಷ್ಟ್ರೀಯ ಗುರುತಿನ ಸಂಖ್ಯೆಯಿಂದ ವಿದೇಶಿಯರನ್ನು ಗೋಳು ಹೊಯ್ದುಕೊಳ್ಳುವುದರಲ್ಲಿ ಅವರ ದೇಶ ನಮಗಿಂತ ಬಹಳ ಹಿಂದೆಯೇ ಪಳಗಿತ್ತು.

1968ರ ಜನವರಿಯಲ್ಲಿ ಉತ್ತರ ಕೊರಿಯಾದ 31 ಕಮಾಂಡೊಗಳು ಸೋಲ್ ನಗರಕ್ಕೆ ನುಸುಳಿ ಅಧ್ಯಕ್ಷರ ಭವನದ ಹತ್ತಿರದವರೆಗೂ ಬಂದುಬಿಟ್ಟರು. ನಮ್ಮವರು ಯಾರು, ಗೂಢಚಾರರು ಯಾರು ಎಂದು ಬೇರ್ಪಡಿಸಲು ಅದೇ ವರ್ಷ ಪ್ರತಿ ನಿವಾಸಿಗೂ ಸಂಖ್ಯೆ ಕೊಟ್ಟರು. ಮೊದಲ ಸಂಖ್ಯೆ ಅಧ್ಯಕ್ಷ ಪಾರ್ಕ್ ಚುಂಗ್ ಹೀ ಅವರದೇ. 1975ರಿಂದ ಅದು 13 ಅಂಕಿ: ಮೊದಲ ಆರು ಹುಟ್ಟಿದ ದಿನ, ಏಳನೆಯದು ಗಂಡೋ ಹೆಣ್ಣೋ, ಯಾವ ಶತಮಾನ ಎಂಬುದು. ಇಂಟರ್ನೆಟ್ ಬಂದಾಗ ಕೊರಿಯಾದ ಕಂಪನಿಗಳು ಇದನ್ನೇ ಬಾಗಿಲ ಚಿಲಕ ಮಾಡಿಕೊಂಡವು. ಸಿನಿಮಾ ಟಿಕೆಟ್, ಪುಸ್ತಕದ ಅಂಗಡಿ, ಆಟ, ಇಮೇಲ್ ಎಲ್ಲಕ್ಕೂ ಮೊದಲು ಆ ಸಂಖ್ಯೆ. ಅಲ್ಲಿ ನೆಲೆಸಿದ ವಿದೇಶಿಯರಿಗೂ 13 ಅಂಕಿಯ ನೋಂದಣಿ ಸಂಖ್ಯೆ ಇತ್ತು. ಆದರೆ ಅವರ ಏಳನೆಯ ಅಂಕಿ 5ರಿಂದ 8ರೊಳಗಿನದು. 1ರಿಂದ 4ರ ತನಕ ಮಾತ್ರ ಗೊತ್ತಿದ್ದ ಫಾರ್ಮುಗಳು ಅದನ್ನು ಹುಸಿ ಸಂಖ್ಯೆ ಎಂದು ತಳ್ಳುತ್ತಿದ್ದವು. ಸಂಖ್ಯೆ ಅಸಲಿ, ಕೊಟ್ಟದ್ದು ಅದೇ ಸರ್ಕಾರ.

2007ರಲ್ಲಿ ದೊಡ್ಡ ಜಾಲತಾಣಗಳಲ್ಲಿ ಅಭಿಪ್ರಾಯ ಬರೆಯುವವರು ನಿಜ ಹೆಸರು ಸಾಬೀತು ಮಾಡಬೇಕೆಂಬ ನಿಯಮ ಬಂತು. 2009ರಲ್ಲಿ ಅದನ್ನು ಇನ್ನಷ್ಟು ತಾಣಗಳಿಗೆ ಚಾಚಿದಾಗ ಯೂಟ್ಯೂಬು ಕೊರಿಯಾದ ಪುಟದಲ್ಲಿ ವಿಡಿಯೊ ಹಾಕುವುದನ್ನೇ ನಿಲ್ಲಿಸಿಬಿಟ್ಟಿತು. 2011ರ ಜುಲೈನಲ್ಲಿ ಆದದ್ದು ಎಲ್ಲರ ಕಣ್ಣು ತೆರೆಸಿತು. ನೇಟ್ ಮತ್ತು ಸೈವರ್ಲ್ಡ್ ತಾಣಗಳಿಗೆ ಕನ್ನ ಹಾಕಿದವರು ಸುಮಾರು 3.5 ಕೋಟಿ ಬಳಕೆದಾರರ ಮಾಹಿತಿ ಕದ್ದರು. ದೇಶದ ಜನಸಂಖ್ಯೆಯೇ ಐದು ಕೋಟಿ! ಮರುವರ್ಷ ಆಗಸ್ಟ್ 23ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ನಿಜ ಹೆಸರಿನ ನಿಯಮವನ್ನು ರದ್ದು ಮಾಡಿತು. 2014ರ ಆಗಸ್ಟ್‌ನಿಂದ, ಕಾನೂನು ನಿರ್ದಿಷ್ಟವಾಗಿ ಹೇಳಿದ ಸಂದರ್ಭ ಬಿಟ್ಟರೆ, ಆ ಸಂಖ್ಯೆಯನ್ನು ಕೇಳುವುದೇ ತಪ್ಪು. ವಿದೇಶಿಯರ ಗೊಣಗಾಟ ವರ್ಷಗಟ್ಟಲೆ ಯಾರ ಕಿವಿಗೂ ಬೀಳದೆ, ಸ್ವದೇಶಿಯರ ಮಾಹಿತಿ ಕಳುವಾದಾಗ ಮಾತ್ರ ನಿಯಮ ಬದಲಾಯಿತು ಎಂಬುದನ್ನೂ ಗಮನಿಸಬೇಕು.

ಬದಲಾಯಿತೆಂದರೆ ಮುಗಿಯಲಿಲ್ಲ. ಸಂಖ್ಯೆಯ ಜಾಗಕ್ಕೆ ಮೊಬೈಲ್ ದೃಢೀಕರಣ ಬಂತು, ಅದರಲ್ಲಿ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು. ಬೆಂಗಳೂರಿನಿಂದ ಸೋಲ್, ಸುವೊನ್ ಕಡೆ ಕೆಲಸಕ್ಕೆ ಹೋದ ಕನ್ನಡಿಗ ಎಂಜಿನಿಯರು ಸಿಕ್ಕಿಬೀಳುವುದು ಇಲ್ಲಿ. ವಲಸೆ ಇಲಾಖೆಯ ಕಾರ್ಡಿನಲ್ಲಿ ಮನೆತನದ ಹೆಸರು ಮೊದಲು, ಎಲ್ಲ ದೊಡ್ಡಕ್ಷರ. ಮೊಬೈಲ್ ಕಂಪನಿಯವನು ನಡುವಿನ ಜಾಗ ಬಿಟ್ಟಿರುವುದಿಲ್ಲ. ಬ್ಯಾಂಕಿನ ಚೌಕದಲ್ಲಿ ಇಷ್ಟೇ ಅಕ್ಷರ ಎಂಬ ಮಿತಿ. ವೆಂಕಟಸುಬ್ಬಯ್ಯ ಎನ್ನುವ ಹೆಸರಿದ್ದರೆ ‘ವೆಂಕಟಸು’ ಎಂದು ತುಂಡಾಗಿ ನಿಲ್ಲುತ್ತದೆ. ಮೂರೂ ಕಡೆ ಮನುಷ್ಯ ಒಬ್ಬನೇ, ಮೂರೂ ಕಡೆ ಹೆಸರು ಬೇರೆ, ಹೀಗಾಗಿ ಅವನು ಅವನಲ್ಲ. 2020ರ ಮಾರ್ಚ್‌ನಲ್ಲಿ ಕೊರಿಯಾ ಮಾಸ್ಕುಗಳನ್ನು ರೇಷನ್ ಲೆಕ್ಕದಲ್ಲಿ ಹಂಚಿದಾಗ ವಿದೇಶಿಯರು ನೋಂದಣಿ ಕಾರ್ಡಿನ ಜೊತೆ ಆರೋಗ್ಯ ವಿಮೆಯ ಚೀಟಿಯನ್ನೂ ತೋರಿಸಬೇಕಿತ್ತು. ವಿಮೆ ಇಲ್ಲದವರಿಗೆ ಮಾಸ್ಕೂ ಇಲ್ಲ. ವೈರಸ್ಸು ಮಾತ್ರ ಯಾರ ಚೀಟಿಯನ್ನೂ ಕೇಳುತ್ತಿರಲಿಲ್ಲ.

ಹೆಸರಿನ ಪಾಡು ನಮ್ಮವರಿಗೆ ಎಲ್ಲೆಲ್ಲೂ ಕಟ್ಟಿಟ್ಟದ್ದು. ಊರಿನ ಹೆಸರಿನ ಒಂದು ಇನಿಷಿಯಲ್, ಅಪ್ಪನ ಹೆಸರಿನದೊಂದು, ಆಮೇಲೆ ಮಂಜುನಾಥ. ಮನೆತನದ ಹೆಸರು ಎಂಬ ಚೌಕಕ್ಕೆ ಇದರಲ್ಲಿ ಏನು ಹಾಕುವುದು? ಖಾಲಿ ಬಿಟ್ಟು ಪಾಸ್‌ಪೋರ್ಟ್ ಮಾಡಿಸಿದವರು 2022ರ ನವೆಂಬರ್ 21ರ ನಂತರ ಪ್ರವಾಸಿ ವೀಸಾದ ಮೇಲೆ ದುಬೈಗೆ ಹೊರಟಾಗ ಗಾಬರಿ ಬಿದ್ದರು; ಒಂದೇ ಹೆಸರಿರುವ ಪಾಸ್‌ಪೋರ್ಟನ್ನು ಯುಎಇ ಒಪ್ಪುವುದಿಲ್ಲ ಎಂದು ಅಂದು ಸುತ್ತೋಲೆ ಹೊರಟಿತ್ತು. ಪೆನುಕೊಂಡದ ಕೊರಿಯನ್ನನಿಗೆ ಇದೇ ಕಥೆ ತಿರುಗುಮುರುಗು. ಕಿಮ್ ಎಂಬುದು ಮನೆತನ, ಆಮೇಲೆ ಎರಡು ಉಚ್ಚಾರದ ಹೆಸರು, ನಡುವೆ ಒಮ್ಮೊಮ್ಮೆ ಅಡ್ಡಗೆರೆ. ಇಲ್ಲಿನ ಫಾರ್ಮು ಆ ಅಡ್ಡಗೆರೆಯನ್ನು ತಪ್ಪು ಚಿಹ್ನೆ ಎನ್ನುತ್ತದೆ, ಮುಂದಿನ ಸಾಲಿನಲ್ಲಿ ತಂದೆಯ ಹೆಸರು ಕೇಳುತ್ತದೆ.

ಹೊರಗಿನವರು ಎಂದರೆ ಸಮುದ್ರ ದಾಟಿ ಬಂದವರೇ ಆಗಬೇಕಿಲ್ಲ ಎಂಬುದು ಹಿಂದೂಪುರದ ಹೆಂಗಸರಿಗೆ ಚೆನ್ನಾಗಿ ಗೊತ್ತು. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾದಾಗ, ಗಡಿಯಾಚೆ ಗೌರಿಬಿದನೂರಿನಲ್ಲಿ ಬಸ್ಸು ಹತ್ತುವ ಕರ್ನಾಟಕದ ಹೆಣ್ಣುಮಗಳಿಗೆ ಟಿಕೆಟ್ ಉಚಿತ. ಪಕ್ಕದ ಸೀಟಿನ ಹಿಂದೂಪುರದವಳ ಆಧಾರಿನಲ್ಲಿ ಆಂಧ್ರದ ವಿಳಾಸ, ದುಡ್ಡು ಕೊಡಬೇಕು. ಇಬ್ಬರ ಮನೆಮಾತೂ ಕನ್ನಡವೇ ಆಗಿರಬಹುದು. 2025ರ ಆಗಸ್ಟ್ 15ರಂದು ಆಂಧ್ರ ತನ್ನ ಸ್ತ್ರೀ ಶಕ್ತಿ ಯೋಜನೆ ತಂದಾಗ ಲೆಕ್ಕ ಉಲ್ಟಾ ಆಯಿತು. ರಾಜ್ಯದ ದುಡ್ಡು ರಾಜ್ಯದವರಿಗೆ ಎಂಬುದರಲ್ಲಿ ನ್ಯಾಯವಿದೆ, ಆ ಮಾತು ಬೇರೆ. ದುಡ್ಡು ಕೊಟ್ಟರೂ ಟಿಕೆಟ್ ಸಿಗದಿರುವುದು ಇನ್ನೊಂದು ಬಗೆ. ಅದಕ್ಕೆ ರೈಲಿನ ಕಡೆ ತಿರುಗಬೇಕು.

ಬೆಂಗಳೂರಿನಿಂದ ಗುಂತಕಲ್ಲಿಗೆ ಹೋಗುವ ಹಳಿಯ ಮೇಲೆ ಹಿಂದೂಪುರವೂ ಇದೆ, ಪೆನುಕೊಂಡ ಜಂಕ್ಷನ್ನೂ ಇದೆ. ಅಲ್ಲಿಂದ ಒಂದು ಹಳಿ ಸತ್ಯಸಾಯಿ ಪ್ರಶಾಂತಿ ನಿಲಯದ ಮೇಲೆ ಧರ್ಮಾವರಕ್ಕೆ ಒಡೆಯುತ್ತದೆ. 2025ರ ಜುಲೈ 1ರಿಂದ ಐಆರ್‌ಸಿಟಿಸಿಯಲ್ಲಿ ತತ್ಕಾಲ್ ಟಿಕೆಟ್ ತೆಗೆಯಬೇಕಾದರೆ ಖಾತೆಗೆ ಆಧಾರ್ ದೃಢೀಕರಣ ಆಗಿರಬೇಕು. ಜುಲೈ 15ರಿಂದ ಆಧಾರಿಗೆ ಜೋಡಿಸಿದ ಮೊಬೈಲಿಗೆ ಓಟಿಪಿಯೂ ಬರಬೇಕು. ಅಕ್ಟೋಬರ್ 1ರಿಂದ ಸಾಮಾನ್ಯ ಮುಂಗಡ ಟಿಕೆಟ್ಟಿಗೂ ಬುಕಿಂಗ್ ತೆರೆದ ಮೊದಲ 15 ನಿಮಿಷ ಇದೇ ಷರತ್ತು ಬಂತು. ರೈಲ್ವೆಯ ಸಮರ್ಥನೆ ಪೊಳ್ಳೇನಲ್ಲ. ತತ್ಕಾಲ್ ತೆರೆದ ಮೊದಲ ಐದು ನಿಮಿಷದಲ್ಲಿ ಲಾಗಿನ್ ಮಾಡಲು ನುಗ್ಗುವವರಲ್ಲಿ ಶೇ. 50ರ ತನಕ ಮನುಷ್ಯರೇ ಅಲ್ಲ, ಬಾಟ್‌ಗಳು ಎಂದು ಇಲಾಖೆ ಹೇಳಿತು, 2.5 ಕೋಟಿಗೂ ಹೆಚ್ಚು ಅನುಮಾನದ ಖಾತೆಗಳನ್ನು ಮುಚ್ಚಿತು. ದಲ್ಲಾಳಿಗಳ ಹಾವಳಿ ಕಂಡವರಾರೂ ಇದನ್ನು ಬೈಯಲಾರರು.

ಆದರೆ ಬಾಟ್ ಅಲ್ಲದ, ಆಧಾರೂ ಇಲ್ಲದ ಮನುಷ್ಯ ಏನು ಮಾಡಬೇಕು? ವಿದೇಶಿ ಪ್ರವಾಸಿಗಳಿಗೆಂದು ರೈಲ್ವೆಯಲ್ಲಿ ಬೇರೆ ಕೋಟಾ ಇದೆ, ಅದು ಕೆಲವೇ ರೈಲುಗಳಲ್ಲಿ, ಕೆಲವೇ ದರ್ಜೆಗಳಲ್ಲಿ. ನಾಳೆ ಬೆಳಿಗ್ಗೆ ಚೆನ್ನೈನ ಕೊರಿಯಾ ಕಾನ್ಸುಲೇಟ್ ಕಚೇರಿಗೆ ಹೋಗಲೇಬೇಕಾದ ಪೆನುಕೊಂಡದ ಬಾಡಿಗೆದಾರನಿಗೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಸಾಗರೋತ್ತರ ಪ್ರಜೆಯ ಕಾರ್ಡು ಹಿಡಿದು ತಿಂಗಳ ಮಟ್ಟಿಗೆ ಮೈಸೂರಿಗೋ ಧಾರವಾಡಕ್ಕೋ ಬರುವ ಕನ್ನಡದ ಮಕ್ಕಳದೂ ಇದೇ ಸ್ಥಿತಿ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡ ಅನಿವಾಸಿಗಳಿಗೆ 2019ರಿಂದ 182 ದಿನದ ಕಾಯುವಿಕೆ ಇಲ್ಲ, ಬಂದ ತಕ್ಷಣ ಆಧಾರ್ ಮಾಡಿಸಬಹುದು. ಅಮೆರಿಕದ ಪೌರತ್ವ ಪಡೆದ ಅವರ ತಮ್ಮನಿಗೆ ಆ ರಿಯಾಯಿತಿ ಇಲ್ಲ. ಅಣ್ಣ ಟಿಕೆಟ್ ತೆಗೆಯುತ್ತಾನೆ, ತಮ್ಮ ಅಣ್ಣನ ಫೋನು ಕೇಳುತ್ತಾನೆ.

ಕೊರಿಯನ್ನರೂ ಸಾಮಾನ್ಯವಾಗಿ ಹಿಡಿಯುವ ದಾರಿ ಇದೇ, ಇನ್ನೊಬ್ಬರ ಫೋನು. ಕಂಪನಿಯ ಎಚ್‌ಆರ್ ಹುಡುಗಿಯ ಆಧಾರಿನಲ್ಲಿ ಸಿಮ್, ಡ್ರೈವರಿನ ಖಾತೆಯಲ್ಲಿ ಟಿಕೆಟ್, ಮನೆ ಮಾಲೀಕರ ಹೆಸರಿನಲ್ಲೇ ಮುಂದುವರಿಯುವ ಗ್ಯಾಸು. ಯಾರು ಏನು ಮಾಡಿದರೆಂದು ಖಚಿತವಾಗಿ ತಿಳಿಯಲೆಂದು ತಂದ ವ್ಯವಸ್ಥೆಯಲ್ಲಿ ದಾಖಲಾಗುವುದು ಬೇರೆ ಯಾರದೋ ಹೆಸರು. ಭದ್ರತೆಯ ದೃಷ್ಟಿಯಿಂದ ನೋಡಿದರೂ ಇದು ಪಾಸ್‌ಪೋರ್ಟ್ ಸಂಖ್ಯೆಗೆ ಒಂದು ಚೌಕ ಇಡುವುದಕ್ಕಿಂತ ಕೆಟ್ಟದ್ದು.

ಸದ್ಯಕ್ಕೆ ಯಾರ ಫೋನನ್ನೂ ಕೇಳದೆ ತತ್ಕಾಲ್ ಪಡೆಯಲು ಒಂದು ಹಳೆಯ ದಾರಿ ಉಳಿದಿದೆ. ನಿಲ್ದಾಣದ ಬುಕಿಂಗ್ ಕೌಂಟರಿನಲ್ಲಿ ಓಟಿಪಿ ಬೇಕಾದರೂ ಅದು ಬರುವುದು ಚೀಟಿಯಲ್ಲಿ ಬರೆದ ಮೊಬೈಲಿಗೆ. ಆ ಮೊಬೈಲು ಆಧಾರಿಗೆ ಜೋಡಿಸಿದ್ದಾಗಿರಬೇಕೆಂಬ ಕಟ್ಟಳೆಯನ್ನು 2025ರ ಜುಲೈನ ಆದೇಶ ಕೌಂಟರಿಗೆ ಹಾಕಲಿಲ್ಲ. ರೈಲಿನೊಳಗೆ ಗುರುತಿಗೆ ಪಾಸ್‌ಪೋರ್ಟ್ ನಡೆಯುತ್ತದೆ. ಕೊರಿಯಾದಿಂದ ಕಾರು ಮಾಡುವ ರೋಬೊಟ್‌ಗಳನ್ನು ತಂದು ನಿಲ್ಲಿಸಿದವರು ಹಿಂದೂಪುರ ಸ್ಟೇಷನ್ನಿಗೆ ಹೋಗಿ, ಕಾಗದದ ಚೀಟಿಯಲ್ಲಿ ಹೆಸರು, ವಯಸ್ಸು, ರೈಲಿನ ನಂಬರು ಬರೆದು ಸಾಲಿನಲ್ಲಿ ನಿಲ್ಲಬೇಕು. ಎಸಿ ತತ್ಕಾಲ್ ಬೆಳಿಗ್ಗೆ 10ಕ್ಕೆ ತೆರೆಯುತ್ತದೆ, ಸ್ಲೀಪರ್ 11ಕ್ಕೆ.